ಮೊದಲು ಬ್ರೇಕು, ಕೊನೆಗೆ ಬಣ್ಣ

ಹಳೇ ಪ್ರೀಮಿಯರ್ ಪದ್ಮಿನಿ ಕೊಳ್ಳಲು ಹೊರಟವರ ಜೇಬಿನಲ್ಲಿ ಒಂದು ಪುಟ್ಟ ಆಯಸ್ಕಾಂತ ಇರಬೇಕು. ಬಾಗಿಲ ತಳ, ಮಡ್‌ಗಾರ್ಡ್ ಅಂಚು, ಡಿಕ್ಕಿಯ ಮೂಲೆಗಳಿಗೆ ಅದನ್ನು ತಾಗಿಸುತ್ತಾ ಹೋಗಬೇಕು. ಗಟ್ಟಿಯಾಗಿ ಅಂಟಿದರೆ ಒಳಗೆ ತಗಡಿದೆ. ಜಾರಿ ಬಿದ್ದರೆ ಅಲ್ಲಿರುವುದು ಬರೀ ಪುಟ್ಟಿ. ಬಣ್ಣ ಎಷ್ಟೇ ಮಿರುಗಲಿ, ವ್ಯಾಪಾರದ ಮಾತು ಆಮೇಲೆ.

ಮನೆಯ ಶೆಡ್ಡಿನಲ್ಲೇ ಹಳೇ ಕಾರಿಗೆ ಮರುಜೀವ ಕೊಡುವ ಹವ್ಯಾಸಿಗಳಿಗೆ ಪದ್ಮಿನಿ ಅಚ್ಚುಮೆಚ್ಚು. ಇಟಲಿಯ ಫಿಯಟ್ 1100 ಕಾರನ್ನು ಮುಂಬೈನ ಕುರ್ಲಾದಲ್ಲಿ ತಯಾರಿಸುತ್ತಿದ್ದ ಪ್ರೀಮಿಯರ್ ಆಟೋಮೊಬೈಲ್ಸ್, 1970ರ ದಶಕದಲ್ಲಿ ಅದಕ್ಕೆ ಈ ಹೆಸರಿಟ್ಟಿತು. ಕಂಪನಿಯನ್ನು 1944ರಲ್ಲಿ ಕಟ್ಟಿದವರು ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನದ ಜೊತೆಗೂಡಿ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದವರೂ ಅವರೇ. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಉಳಿದಿದ್ದ ಪದ್ಮಿನಿಗಳ ಓಟ 2023ರ ಅಕ್ಟೋಬರ್ ಕೊನೆಗೆ ನಿಂತಿತು. ಮನೆಗಳ ಮುಂದೆ ಕವರ್ ಹೊದ್ದು ನಿಂತವು ಇನ್ನೂ ಬೇಕಾದಷ್ಟಿವೆ.

1089 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 40 ಅಶ್ವಶಕ್ತಿ, ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಹಿಡಿ. ಕಂಪ್ಯೂಟರ್ ಎಂಬುದು ಎಲ್ಲೂ ಇಲ್ಲ. ಬಾನೆಟ್ ಎತ್ತಿದರೆ ಪ್ರತಿ ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಪಾನಾ ಹಿಡಿಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಮೊದಲ ಶತ್ರು ತುಕ್ಕು

ಪದ್ಮಿನಿಗೆ ಲಾರಿಗಿರುವಂಥ ಬೇರೆ ಚಾಸಿಸ್ ಇಲ್ಲ. ತಗಡಿನ ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ನೆಲದ ತಗಡೋ ಬಾಗಿಲ ಕೆಳಗಿನ ಪಟ್ಟಿಯೋ ತುಕ್ಕು ತಿಂದರೆ ಕೆಡುವುದು ಅಂದವಷ್ಟೇ ಅಲ್ಲ, ಕಾರಿನ ಬೆನ್ನೆಲುಬೇ ಸಡಿಲಗೊಳ್ಳುತ್ತದೆ. ಜಾಕಿ ಕೊಟ್ಟಾಗ ಕಾರು ಮೇಲೇಳುವ ಬದಲು ತಗಡು ಒಳಕ್ಕೆ ಕುಸಿದರೆ ರೋಗ ಬಲಿತಿದೆ ಎಂದರ್ಥ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ ಕಂಡ ಕಾರುಗಳಲ್ಲಿ ಮ್ಯಾಟ್ ಎತ್ತಿ ನೋಡದೆ ಮುಂದುವರಿಯಲೇಬಾರದು.

ಮೇಲ್ಮೈ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿ, ಒಣಗಿದ ಮೇಲೆ ಪ್ರೈಮರ್ ಬಳಿಯುವುದು ಮನೆಯಲ್ಲೇ ಆಗುವ ಕೆಲಸ. ತೂತು ಬಿದ್ದಲ್ಲಿ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಇದು ಅನುಭವಿ ಟಿಂಕರ್ ಕೈಗೇ ಸೇರಿದ್ದು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಬೇಕು. ಖಾಲಿ ಟ್ಯಾಂಕ್ ಎಂದು ಉದಾಸೀನ ಮಾಡುವಂತಿಲ್ಲ. ಅದರೊಳಗೆ ತುಂಬಿರುವ ಆವಿಗೆ ಒಂದು ಕಿಡಿ ಸಾಕು.

ನಿಲ್ಲುವುದನ್ನು ಕಲಿಸಿ, ಓಡುವುದನ್ನಲ್ಲ

ವರ್ಷಗಟ್ಟಲೆ ನಿಂತ ಕಾರಿನ ಎಂಜಿನ್ ಗುರ್‌ಗುಟ್ಟುವುದನ್ನು ಕೇಳುವ ಆಸೆ ಎಲ್ಲರಿಗೂ. ಆದರೆ ಸರಿಯಾದ ಕ್ರಮ ಬ್ರೇಕಿನಿಂದ ಶುರುವಾಗುತ್ತದೆ. ಪದ್ಮಿನಿಯ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಸಿಲಿಂಡರುಗಳನ್ನು ಒಳಗಿಂದಲೇ ತುಕ್ಕು ಹಿಡಿಸಿರುತ್ತದೆ. ರಬ್ಬರ್ ಹೋಸುಗಳು ಬಿರಿದಿರುತ್ತವೆ. ಇವನ್ನೆಲ್ಲ ಬದಲಿಸುವುದೇ ಕ್ಷೇಮ. ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಊದಿ ತೆಗೆಯಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬರೀ ಜಾಕಿಯ ಮೇಲೆ ನಿಂತ ಕಾರಿನಡಿ ಎಂದೂ ತೂರಬಾರದು. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಮಿಕ್ಕ ಚಕ್ರಗಳಿಗೆ ಕಲ್ಲಿಟ್ಟೇ ಕೆಲಸ.

ಆಮೇಲೆ ಇಂಧನದ ಸರದಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಅದು ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ, ನೀರನ್ನು ಹೀರಿಕೊಂಡು ಟ್ಯಾಂಕಿನೊಳಗೆ ತುಕ್ಕೆಬ್ಬಿಸುತ್ತದೆ. ಎಥೆನಾಲ್ ತಡೆಯುವ ಪೈಪು, ಕಾರ್ಬ್ಯುರೇಟರ್ ವಾಷರುಗಳು, ಹೊಸ ಫಿಲ್ಟರ್ ಹಾಕುವ ಖರ್ಚು ಚಿಕ್ಕದು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಆಗುವ ಅನಾಹುತ ದೊಡ್ಡದು. ಕೊನೆಯದು ಬಣ್ಣ.

ಬದಲಾವಣೆ ಎಲ್ಲಿಯವರೆಗೆ?

ಹಳೆಯದನ್ನು ಹಾಗೇ ಉಳಿಸಬೇಕೋ, ಇಂದಿನ ರಸ್ತೆಗೆ ಒಗ್ಗಿಸಬೇಕೋ? ಹವ್ಯಾಸಿಗಳ ಜಗಳವೆಲ್ಲ ಇಲ್ಲೇ. ಡೈನಮೊ ತೆಗೆದು ಆಲ್ಟರ್ನೇಟರ್ ಕೂರಿಸುವುದು, ಪಾಯಿಂಟ್ ಬದಲಿಗೆ ಎಲೆಕ್ಟ್ರಾನಿಕ್ ಇಗ್ನಿಷನ್, ಹೆಡ್‌ಲೈಟಿಗೆ ರಿಲೇ, ಗಟ್ಟಿ ಜಾಗಕ್ಕೆ ಬಿಗಿದ ಸೀಟ್ ಬೆಲ್ಟ್ ಇವೆಲ್ಲ ಬುದ್ಧಿವಂತಿಕೆಯ ಬದಲಾವಣೆಗಳು. ಕಾರು ನಂಬಿಕಸ್ಥವಾಗುತ್ತದೆ, ಕಳಚಿಟ್ಟ ಹಳೇ ಭಾಗಗಳನ್ನು ಬೇಕೆಂದಾಗ ಮತ್ತೆ ಜೋಡಿಸಲೂಬಹುದು. ತಗಡು ಕತ್ತರಿಸಿ ಬೇರೆ ಕಂಪನಿಯ ದೊಡ್ಡ ಎಂಜಿನ್ ತುರುಕಿದರೆ ಹಿಂದಿರುಗುವ ದಾರಿ ಮುಚ್ಚಿತು. 40 ಅಶ್ವಶಕ್ತಿಗೆಂದು ಮಾಡಿದ ಬ್ರೇಕು, ಸಸ್ಪೆನ್ಷನ್‌ಗಳೂ ಆ ವೇಗವನ್ನು ತಾಳಲಾರವು.

ಕಾನೂನೂ ಇದೇ ಗೆರೆ ಎಳೆಯುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಆರ್‌ಸಿ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಬಣ್ಣ ಬದಲಿಸಿದರೂ ಆರ್‌ಟಿಒ ಕಚೇರಿಗೆ ತಿಳಿಸಿ ದಾಖಲಿಸಬೇಕು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಜಿಗಿಯಿತು.

ಇನ್ನೊಂದು ಲೆಕ್ಕವೂ ಇದೆ. 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರುಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ‘ವಿಂಟೇಜ್’ ನೋಂದಣಿ ತಂದಿತು. ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು. ಪದ್ಮಿನಿ ಹೆಸರಿನ ಮೊದಲ ಕಾರುಗಳು ಈಗಷ್ಟೇ ಆ ವಯಸ್ಸು ಮುಟ್ಟುತ್ತಿವೆ. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಭಾರೀ ಬದಲಾವಣೆ ಆಗಿದ್ದರೆ ಈ ಮಾನ್ಯತೆ ಸಿಗದು. ಆದ್ದರಿಂದ ಗ್ರೈಂಡರ್ ಕೈಗೆತ್ತಿಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾಳೆ ಈ ಕಾರು ಕೊಳ್ಳುವವರು ಇದನ್ನು ಮೊದಲಿನಂತೆ ಮಾಡಲು ಸಾಧ್ಯವೇ? ಸಾಧ್ಯ ಎಂದಾದರೆ ಧೈರ್ಯವಾಗಿ ಮಾಡಿ. ಇಲ್ಲವಾದರೆ ಆ ದುಡ್ಡನ್ನು ಬ್ರೇಕಿಗೆ ಹಾಕಿ.