ಕಿಮೊ ಮುಗಿದ ಮೇಲೆ ಉಳಿದದ್ದೆಷ್ಟು?

ಎಕ್ಸಾಸ್ಟ್ ಫ್ಯಾನ್ ಬಿರುಸಾಗಿ ತಿರುಗುತ್ತಿದ್ದರೂ ಫಾರ್ಮಲಿನ್ ಘಾಟಿಗೆ ಕಣ್ಣು ಉರಿಯುತ್ತದೆ. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರ ಪೆಥಾಲಜಿ ವಿಭಾಗ. ಹಿಂದಿನ ದಿನ ಆಪರೇಷನ್ ಮಾಡಿ ತೆಗೆದ ಸ್ತನ ಸ್ಟೀಲ್ ಮೇಜಿನ ಮೇಲಿದೆ. ವೈದ್ಯೆ ಅದರ ಅಂಚುಗಳಿಗೆ ಬಣ್ಣದ ಶಾಯಿ ಬಳಿದು, ಉದ್ದನೆಯ ಅಲಗಿನಿಂದ ಹೋಳು ಮಾಡಿ, ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡುತ್ತಾರೆ. ಕಿಮೊಗೆ ಮುಂಚೆ ನಿಂಬೆಹಣ್ಣಿನ ಗಾತ್ರವಿದ್ದ ಗಡ್ಡೆ ಈಗ ಕೈಗೇ ಸಿಗುವುದಿಲ್ಲ. ಹೀಗಾಗಬಹುದೆಂದೇ ಚಿಕಿತ್ಸೆಗೆ ಮೊದಲು ಅದರೊಳಗೆ ಪುಟ್ಟ ಲೋಹದ ಕ್ಲಿಪ್ ಇಟ್ಟಿದ್ದರು. ಹೋಳುಗಳನ್ನು ಸಾಲಾಗಿ ಜೋಡಿಸಿ ಎಕ್ಸ್‌ರೇ ತೆಗೆದಾಗ ಕ್ಲಿಪ್ ಕಾಣುತ್ತದೆ. ಹಳದಿ ಕೊಬ್ಬಿನ ನಡುವೆ ಅಲ್ಲಿ ಮಾತ್ರ ಬಿಳಿಚಿದ, ಗಟ್ಟಿ ನಾರಿನ ಮಚ್ಚೆ. ಗಡ್ಡೆ ಇದ್ದ ಜಾಗ ಅದೇ.

ಆ ಜಾಗದ ಚೂರುಗಳು ರಾತ್ರಿಯಿಡೀ ಯಂತ್ರದಲ್ಲಿದ್ದು, ಮೇಣದಲ್ಲಿ ಕೂತು, ಮಿಲಿಮೀಟರಿನ ಸಾವಿರದಲ್ಲಿ ಮೂರು-ನಾಲ್ಕು ಪಾಲಿನಷ್ಟು ತೆಳ್ಳಗಾಗಿ ಸ್ಲೈಡಿಗೇರುತ್ತವೆ. ಸೂಕ್ಷ್ಮದರ್ಶಕದಡಿ ಗುಲಾಬಿ ಬಣ್ಣದ ನಾರು ಹಾಸಿಕೊಂಡಿದೆ. ಸತ್ತ ಕೋಶಗಳನ್ನು ತಿಂದು ಉಬ್ಬಿದ ರಕ್ಷಕ ಕೋಶಗಳು ಅಲ್ಲಲ್ಲಿ. ಸ್ಲೈಡ್ ಸರಿಸುತ್ತಾ ಸರಿಸುತ್ತಾ ವೈದ್ಯೆಯ ಕೈ ನಿಲ್ಲುತ್ತದೆ. ಮೂಲೆಯಲ್ಲಿ ಒಂದು ಸಣ್ಣ ಗುಂಪು, ಕೋಶಗಳೊಳಗೆ ಕಡುನೇರಳೆಯ ದೊಡ್ಡ ಕೇಂದ್ರ. ಕಿಮೊ ತಡೆದುಕೊಂಡು ಬದುಕಿದ ಕ್ಯಾನ್ಸರ್.

ಈ ಉಳಿಕೆಯನ್ನು ಅಳೆಯಲು ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಫ್ರೇಸರ್ ಸಿಮನ್ಸ್ ಮತ್ತು ಸಂಗಡಿಗರು 2007ರಲ್ಲಿ ಒಂದು ಲೆಕ್ಕ ಕೊಟ್ಟರು. ಗಡ್ಡೆಯಿದ್ದ ಜಾಗದ ಉದ್ದಗಲ, ಅದರಲ್ಲಿ ಕ್ಯಾನ್ಸರ್ ಕೋಶಗಳ ಪಾಲು, ಕಂಕುಳಿನ ಎಷ್ಟು ಗ್ರಂಥಿಗಳಿಗೆ ಹಬ್ಬಿದೆ, ಅಲ್ಲಿನ ಅತಿ ದೊಡ್ಡ ಮಚ್ಚೆ ಎಷ್ಟಿದೆ ಎಂಬುದನ್ನೆಲ್ಲ ಕೂಡಿಸಿದರೆ ಸೊನ್ನೆಯಿಂದ ಮೂರರವರೆಗಿನ ದರ್ಜೆ ಬರುತ್ತದೆ. ಸೊನ್ನೆ ಬಂದವರಲ್ಲಿ ಕಾಯಿಲೆ ಮರುಕಳಿಸುವುದು ಕಡಿಮೆ, ಮೂರು ಬಂದವರಲ್ಲಿ ಹೆಚ್ಚು. ಹಾಗೆಂದು ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವಂತಿಲ್ಲ. ಸುಮಾರು 12,000 ರೋಗಿಗಳ ಮಾಹಿತಿ ಕಲೆಹಾಕಿ 2014ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಹಾರ್ಮೋನ್ ಗ್ರಾಹಕವಾಗಲಿ ಹರ್-2 ಪ್ರೋಟೀನ್ ಹೆಚ್ಚಳವಾಗಲಿ ಇಲ್ಲದ ಟ್ರಿಪಲ್ ನೆಗೆಟಿವ್ ಮತ್ತು ಆ ಪ್ರೋಟೀನ್ ಅತಿಯಾಗಿರುವ ಹರ್-2 ಬಗೆಗಳಲ್ಲಿ ಉಳಿಕೆಗೂ ಮರುಕಳಿಕೆಗೂ ಇರುವ ನಂಟು ಗಾಢವಾಗಿತ್ತು. ಹಾರ್ಮೋನಿಗೆ ಸ್ಪಂದಿಸುವ, ನಿಧಾನವಾಗಿ ಬೆಳೆಯುವ ಬಗೆಯಲ್ಲಿ ಸಡಿಲವಾಗಿತ್ತು.

ಒಪಿಡಿಯ ಬೆಂಚಿನಲ್ಲಿ ತಲೆಗೆ ಸೆರಗು ಹೊದ್ದ ತಾಯಿ, ಪಕ್ಕದಲ್ಲಿ ಫೈಲು ತುಂಬಿದ ಪ್ಲಾಸ್ಟಿಕ್ ಕವರ್ ಹಿಡಿದ ಮಗಳು. “ಡಾಕ್ಟ್ರೇ, ಅಮ್ಮಂಗೆ ಎಲ್ಲಾ ಹೋಗಿದ್ಯಾ? ಮತ್ತೆ ಬರಲ್ಲ ತಾನೇ?”

ಮೊದಲ ಪ್ರಶ್ನೆಗೆ ಸ್ಲೈಡಿನಲ್ಲಿ ಉತ್ತರವಿದೆ. ಎರಡನೆಯದಕ್ಕೆ ನೂರು ಜನರ ಲೆಕ್ಕ ಹೇಳಬಹುದು; ಈ ತಾಯಿಯೊಬ್ಬರ ಲೆಕ್ಕ ಯಾರ ಬಳಿಯೂ ಇಲ್ಲ. ಅವರನ್ನು ಎದುರಿಗೆ ಕೂರಿಸಿಕೊಂಡು, ಇದನ್ನು ಅವರದೇ ಮಾತಿನಲ್ಲಿ ಹೇಳುವಷ್ಟು ಹೊತ್ತು ವೈದ್ಯರಿಗೆ ಸಿಗಲೇಬೇಕು. ಏಕೆಂದರೆ ಉಳಿಕೆ ಕಂಡರೂ ದಾರಿಯಿದೆ. 2019ರಲ್ಲಿ ಪ್ರಕಟವಾದ ‘ಕ್ಯಾಥರೀನ್’ ಅಧ್ಯಯನದಲ್ಲಿ, ಉಳಿಕೆಯಿದ್ದ ಹರ್-2 ರೋಗಿಗಳಿಗೆ ಟ್ರಾಸ್ಟುಝುಮಾಬ್ ಔಷಧಿಯ ಬದಲು ಟಿ-ಡಿಎಂ1 ಎಂಬ ಔಷಧಿ ಕೊಟ್ಟಾಗ ಮರುಕಳಿಕೆ ಅಥವಾ ಸಾವಿನ ಅಪಾಯ ಅರ್ಧಕ್ಕಿಳಿಯಿತು. ಟ್ರಿಪಲ್ ನೆಗೆಟಿವ್ ಆದರೆ ಕ್ಯಾಪೆಸಿಟಬಿನ್ ಮಾತ್ರೆಯಿದೆ.

ತಾಯಿಯದು ಹರ್-2. ಮೂರು ವಾರಕ್ಕೊಮ್ಮೆ, ಒಟ್ಟು 14 ಸಲ ಡ್ರಿಪ್ ಹಾಕಬೇಕು, ಔಷಧಿ ದುಬಾರಿ ಎನ್ನುತ್ತಾರೆ ಡಾಕ್ಟರು. ಮಗಳು ಕವರಿನಿಂದ ಬಿಪಿಎಲ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟು, “ಇದರಲ್ಲಿ ಆಗುತ್ತಾ ಸರ್?” ಎಂದು ಕೇಳುತ್ತಾಳೆ.