ಪುಟ ಕೆಟ್ಟು ಕಾಣ್ತಿದ್ಯಾ? ಆಡ್-ಆನ್ ನೋಡಿ

ಬಟನ್ ಮಾಯ, ಪುಟ ಅರ್ಧ ಖಾಲಿ, ಅಕ್ಷರದ ಮೇಲೆ ಅಕ್ಷರ. ತಕ್ಷಣ ಬ್ರೌಸರನ್ನೇ ಕಿತ್ತುಹಾಕೋಕೆ ಹೋಗ್ಬೇಡಿ! ಜಾಹೀರಾತು ತಡೆಯೋ, ಡಾರ್ಕ್ ಮೋಡ್ ಹಾಕೋ ಆಡ್-ಆನ್‌ಗಳು ಪುಟದೊಳಗೇ ಕೈ ಹಾಕ್ತವೆ. ಎಡವಟ್ಟು ಅಲ್ಲೇ ಇರಬಹುದು.

ಫೈರ್‌ಫಾಕ್ಸ್‌ನಲ್ಲಿ ಮೆನು, ಹೆಲ್ಪ್, ಟ್ರಬಲ್‌ಶೂಟ್ ಮೋಡ್. ಆಡ್-ಆನ್‌ಗಳೆಲ್ಲ ತಾತ್ಕಾಲಿಕವಾಗಿ ಆಫ್. ಪುಟ ಸರಿಹೋಯ್ತಾ? ಆದ್ರೂ ಆಗಲೇ ಆಡ್-ಆನ್ ಮೇಲೆ ಗೂಬೆ ಕೂರಿಸ್ಬೇಡಿ. ಈ ಮೋಡ್ ಥೀಮನ್ನೂ ಹಾರ್ಡ್‌ವೇರ್ ಆಕ್ಸಲರೇಷನ್ನನ್ನೂ ನಿಲ್ಲಿಸುತ್ತೆ, ಇದನ್ನ ಮರೆಯೋದು ಸುಲಭ.

ಮಾಮೂಲಿ ಮೋಡ್‌ಗೆ ಬನ್ನಿ. ಆಡ್-ಆನ್‌ಗಳಲ್ಲಿ ಅರ್ಧ ಆಫ್ ಮಾಡಿ, ಪುಟ ರಿಲೋಡ್ ಮಾಡಿ. ತೊಂದ್ರೆ ಹೋಯ್ತು ಅಂದ್ರೆ ಕಳ್ಳ ಆ ಅರ್ಧದಲ್ಲಿದ್ದಾನೆ. ಅದರಲ್ಲಿ ಮತ್ತೆ ಅರ್ಧ. 16 ಆಡ್-ಆನ್ ಇದ್ರೂ 4 ಸುತ್ತು ಸಾಕು.

ಕ್ರೋಮ್‌ನಲ್ಲಾದ್ರೆ ಇನ್‌ಕಾಗ್ನಿಟೋ ವಿಂಡೋ ತೆರೆಯಿರಿ. ನೀವು ಅನುಮತಿ ಕೊಡದ ಎಕ್ಸ್‌ಟೆನ್ಷನ್ (ಕ್ರೋಮ್‌ನಲ್ಲಿ ಆಡ್-ಆನ್‌ಗೆ ಇದೇ ಹೆಸರು) ಅಲ್ಲಿ ಓಡಲ್ಲ.

ಕಳ್ಳ ಸಿಕ್ಕಮೇಲೆ ಮೊದಲು ಅಪ್‌ಡೇಟ್ ಮಾಡಿ ನೋಡಿ. ಬಗ್ಗಲಿಲ್ವಾ? ತೆಗೆದುಹಾಕಿ.