ಕರಾವಳಿ ಪ್ರವಾಸ: ದಾರಿ ಮತ್ತು ಲೆಕ್ಕ

ವರ್ಷವಿಡೀ ಅಂಗಡಿ ಬಿಟ್ಟೇಳದ ನಮ್ಮ ವರ್ತಕ ಬಾಂಧವರು ಕುಟುಂಬಸಮೇತ ಮೂರು ದಿನ ಕರಾವಳಿಗೆ ಹೋಗಿಬರುವುದು ಅವಶ್ಯವೇ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಮಳೆ, ಭೂಕುಸಿತದ ಭಯ. ಜನವರಿಯಿಂದ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಆವಕದ ಭರಾಟೆ. ಆದುದರಿಂದ ನವೆಂಬರ್ ಕೊನೆಯ ವಾರ ಸೂಕ್ತ. ಮಾಸಿಕ ಜಿ.ಎಸ್.ಟಿ. ರಿಟರ್ನ್‌ಗೆ 20ನೆಯ ತಾರೀಖು ಕಡೆಯ ದಿನ. ಅದನ್ನು ಸಲ್ಲಿಸಿಯೇ ಹೊರಡತಕ್ಕದ್ದು. ತಡವಾದ ತೆರಿಗೆಗೆ ವಾರ್ಷಿಕ ಶೇ. 18 ಬಡ್ಡಿ ಬೀಳುತ್ತದೆ.

ಹಾವೇರಿಯಿಂದ ಶಿರಸಿ, ದೇವಿಮನೆ ಘಟ್ಟದ ಮೂಲಕ ಕುಮಟಾ ತಲುಪಿ, ಸಮೀಪದ ಮಿರ್ಜಾನ್ ಕೋಟೆಯನ್ನು ನೋಡಬಹುದು. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಸಾಗಿದರೆ ಹೊನ್ನಾವರ. ಅಲ್ಲಿ ಶರಾವತಿಯ ಅಳಿವೆ, ಸಮುದ್ರದಲ್ಲಿ ಬಸವರಾಜದುರ್ಗ ದ್ವೀಪ. ಮುಂದೆ ಮುರ್ಡೇಶ್ವರ, ಅದರೆದುರು ಕಡಲಲ್ಲಿ ನೇತ್ರಾಣಿ ದ್ವೀಪ. ದೋಣಿ ಹತ್ತುವ ಮುನ್ನ ಸಮುದ್ರದ ಸ್ಥಿತಿಯನ್ನು ವಿಚಾರಿಸಿರಿ. ಹಿಂದಿರುಗುವಾಗ ಹೊನ್ನಾವರಕ್ಕೆ ಬಂದು ಗೇರುಸೊಪ್ಪೆ, ಜೋಗ, ಸಿದ್ದಾಪುರ, ಶಿರಸಿ ಮಾರ್ಗ ಹಿಡಿಯಬಹುದು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿ 16ನೆಯ ಶತಮಾನದಲ್ಲಿ ಆಳಿದ ಗೇರುಸೊಪ್ಪೆಯನ್ನು ಮೆಣಸಿನಕಾಯಿ ವ್ಯಾಪಾರಿಗಳಾದ ನಾವು ನೋಡದೆ ಬರಬಾರದು.

ಕೊನೆಯದಾಗಿ ಲೆಕ್ಕದ ಮಾತು. ಈ ಡೀಸೆಲ್, ವಸತಿಗೃಹದ ಬಿಲ್ಲು ವ್ಯಾಪಾರದ ಖರ್ಚಲ್ಲ. ಸಂಸ್ಥೆಯ ಪ್ರಯಾಣ ವೆಚ್ಚಕ್ಕೆ ಬರೆದರೆ ತಪಾಸಣೆಯಲ್ಲಿ ತಿರಸ್ಕೃತವಾಗುವುದು; ವಸತಿಯ ಬಿಲ್ಲಿನ ಮೇಲೆ ಪಡೆದು ಬಳಸಿದ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿಸಹಿತ ಹಿಂತಿರುಗಿಸಬೇಕಾಗುವುದು; ಪಾಲುದಾರರಲ್ಲಿ ವಿರಸವೂ ಹುಟ್ಟೀತು. ಹೊರಡುವ ಮುನ್ನವೇ ಹಣವನ್ನು ಡ್ರಾಯಿಂಗ್ಸ್ ಖಾತೆಗೆ ಬರೆಯಿಸಿ, ನಿಶ್ಚಿಂತೆಯಿಂದ ಹೋಗಿಬನ್ನಿರಿ.